ದೇವರಿಗೆಂದು ತಂದ ಪಿಸ್ಟನ್

ಆ ದಿನ ಬೆಳಗ್ಗೆ ಗಾಳಿ ಪೂರ್ತಿ ನಿಂತುಹೋಗಿತ್ತು. ರೋಹಿಣಿ ಮಳೆಯ ಕಾಲ. ಜೂರಾಲ ಅಣೆಕಟ್ಟಿನ ಕಡೆ ಆಕಾಶ ಕಪ್ಪಿಟ್ಟಿದ್ದರೂ ಇತ್ತ ಒಂದು ಹನಿ ಬಿದ್ದಿರಲಿಲ್ಲ. ಬೇವಿನ ಮರದ ಒಂದೆಲೆಯೂ ಅಲುಗುತ್ತಿರಲಿಲ್ಲ. ಬೀರಪ್ಪನ ಗುಡಿಯ ಹಾಸುಗಲ್ಲಿನ ಮೇಲೆ ಕಾಲಿಟ್ಟರೆ ನಿನ್ನೆಯ ಬಿಸಿಲು ಇನ್ನೂ ಅಲ್ಲೇ ಕೂತಿತ್ತು. ಅಂಥ ಸೆಕೆಯಲ್ಲಿ ಕಿಷ್ಟಮ್ಮ ತಲೆಯ ಮೇಲೆ ಸಿಂಬೆ ಇಟ್ಟು, ಅದರ ಮೇಲೊಂದು ಭಾರದ ರಟ್ಟಿನ ಪೆಟ್ಟಿಗೆ ಹೊತ್ತು ಗುಡಿಗೆ ಬಂದಳು. ಬೆವರು ಹುಬ್ಬಿನಿಂದ ಇಳಿದು ಕಣ್ಣಿಗೆ ಹೋಗುತ್ತಿದ್ದರೂ ಪೆಟ್ಟಿಗೆ ಹಿಡಿದ ಕೈ ಬಿಡಲಿಲ್ಲ.

ಪೂಜಾರಿ ಬೀರಲಿಂಗಪ್ಪ ಪೆಟ್ಟಿಗೆ ಇಳಿಸಿಕೊಂಡ. ಒಳಗೆ ಟ್ರ್ಯಾಕ್ಟರ್ ಇಂಜಿನ್ನಿನ ಮೂರು ಪಿಸ್ಟನ್, ಅವು ಏರಿಳಿಯುವ ಮೂರು ಲೈನರ್, ರಿಂಗುಗಳು. ಎಣ್ಣೆಕಾಗದ ಬಿಚ್ಚಿದಾಗ ಹೊಸ ಪಾತ್ರೆಯಂತೆ ಹೊಳೆದವು.

"ಗದ್ವಾಲದಿಂದ ತಂದೀನಿ ಎಪ್ಪಾ," ಎಂದಳು. "ದೇವರಿಗಿ ಅಂತ ಹೇಳೇ ತಂದೀನಿ."

ತೆಲುಗು ಸೀಮೆಯ ಮಕ್ತಲ್ ದಾಟಿ ಕೃಷ್ಣೆಯ ಕಡೆಗೆ ಇಳಿಯುವ ಈ ಊರಿನಲ್ಲಿ ಬೀರಪ್ಪನಿಗೆ ಸ್ವಂತದ್ದೊಂದು ಟ್ರ್ಯಾಕ್ಟರ್ ಇದೆ. ಮಕ್ಕಳಿಲ್ಲದ ಹಿರಿಯನೊಬ್ಬ ಕಣ್ಣು ಮುಚ್ಚುವ ಮುಂಚೆ ತನ್ನ ಹೊಲದ ಜೊತೆ ಅದನ್ನೂ ಗುಡಿಗೆ ಬಿಟ್ಟುಹೋದ. ಊರಿನವರು ಅದನ್ನು ಬೀರಪ್ಪನ ಗಾಡಿ ಎನ್ನುತ್ತಾರೆ. ಮೊದಲು ಅದು ದೇವರ ಹೊಲ ಉಳುತ್ತದೆ. ಆಮೇಲೆ ಎತ್ತೂ ಇಲ್ಲದ, ದುಡಿಯುವ ಗಂಡಸೂ ಇಲ್ಲದ ಮನೆಗಳ ಹೊಲ. ಕಿಷ್ಟಮ್ಮನ ದಿಬ್ಬದ ಹೊಲ ಅಂಥದ್ದು. ಗಂಡ ತೀರಿಕೊಂಡ ಮೇಲೆ ಪ್ರತಿ ಮಿರಗದ ಮಳೆಗೆ ಬೀರಪ್ಪನೇ ಬಂದು ಉತ್ತು ಹೋಗುತ್ತಾನೆ ಎಂದು ಆಕೆ ಹೇಳುತ್ತಿದ್ದಳು.

ಕಳೆದ ಸುಗ್ಗಿಗೆ ಆ ಗಾಡಿ ನೀಲಿ ಹೊಗೆ ಕಾರತೊಡಗಿತು. ಎಣ್ಣೆ ಹಾಕಿದಷ್ಟೂ ಕುಡಿಯಿತು. ಏರು ಸಿಕ್ಕಲ್ಲಿ ನಿಂತುಬಿಟ್ಟಿತು. ಮಕ್ತಲ್ ರಸ್ತೆಯಲ್ಲಿ ಶೆಡ್ ಇಟ್ಟುಕೊಂಡಿರುವ ಮೇಸ್ತ್ರಿ ಕಾಳಪ್ಪ ಬಿಚ್ಚಿ ನೋಡಿ, ಇಂಜಿನ್ ಬೋರಿಗೆ ಬಂದಿದೆ, ಒಳಗೆಲ್ಲ ಸವೆದಿದೆ, ಹೊಸದು ಹಾಕದೆ ಗತಿಯಿಲ್ಲ ಎಂದ. ಊರು ಹಂಚಿಕೊಂಡಿತು. ನಾರಾಯಣಪೇಟೆಯಲ್ಲಿ ಸೀರೆ ಅಂಗಡಿ ಇಟ್ಟವರೊಬ್ಬರು ಬೇರಿಂಗ್ ಕೊಡಿಸಿದರು. ಕಾಲುವೆ ಕೆಳಗಿನ ರೈತರು ಎಣ್ಣೆ, ಗ್ಯಾಸ್ಕೆಟ್ ಒಪ್ಪಿಕೊಂಡರು. ಕಾಳಪ್ಪ ಎಲ್ಲರಿಗೂ ಹೇಳಿದ್ದು ಒಂದೇ ಮಾತು: ಬಣ್ಣದಲ್ಲಿ ಉಳಿಸಿರಿ, ಸೀಟಿನಲ್ಲಿ ಉಳಿಸಿರಿ, ಪಿಸ್ಟನ್ನಿನಲ್ಲಿ ಮಾತ್ರ ಉಳಿಸಬೇಡಿರಿ.

ಪಿಸ್ಟನ್ ನನ್ನದು ಎಂದು ಕಿಷ್ಟಮ್ಮ ಮುಂದೆ ಬಂದದ್ದಕ್ಕೆ ಕಾರಣವಿತ್ತು. ಮಗಳು ಅಖಿಲಾಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿ, ಕೂಸು ಪಾಲಮೂರಿನ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿತ್ತು. ಕಿಷ್ಟಮ್ಮ ಅಲ್ಲಿಂದಲೇ ಊರಿನ ದಿಕ್ಕಿಗೆ ತಿರುಗಿ ಕೈಮುಗಿದು, ಈ ಕೂಸಿನ ಎದೆ ನಡೆಸು, ನಿನ್ನ ಗಾಡಿಗೆ ನಾನು ಎದೆ ಕೊಡಿಸುತ್ತೇನೆ ಎಂದು ಬೇಡಿಕೊಂಡಿದ್ದಳು. ಕೂಸು ಮನೆಗೆ ಬಂತು. ಆಕೆ ಎರಡು ಟಗರು ಮಾರಿ ಗದ್ವಾಲದ ಬಸ್ಸು ಹತ್ತಿದಳು.

ಬೀರಲಿಂಗಪ್ಪ ಪಿಸ್ಟನ್‌ಗಳನ್ನು ದೇವರ ಮುಂದೆ ಸಾಲಾಗಿ ನಿಲ್ಲಿಸಿ, ಕಾಯಿ ಒಡೆದು, ಕೈತುಂಬ ಭಂಡಾರ ತೂರಿದ. ಅರಿಶಿನ ಲೋಹದ ಮೇಲೆ, ರಟ್ಟಿನ ಮೇಲೆ, ಕಿಷ್ಟಮ್ಮನ ನರೆತ ಕೂದಲಿನ ಮೇಲೆ ಬಿತ್ತು. ಹರಕೆ ಮುಟ್ಟಿತು ತಾಯಿ ಎಂದ. ಆಕೆ ಹಣೆಯನ್ನು ಕಲ್ಲಿಗೆ ಹಚ್ಚಿದವಳು ಬಹಳ ಹೊತ್ತು ಏಳಲಿಲ್ಲ.

ಮಧ್ಯಾಹ್ನ ಬೀರಲಿಂಗಪ್ಪ ಪೆಟ್ಟಿಗೆಯನ್ನು ಕಾಳಪ್ಪನ ಶೆಡ್ಡಿಗೆ ಒಯ್ದ. ಕಾಳಪ್ಪ ಒಂದು ಪಿಸ್ಟನ್ ಎತ್ತಿ ಕೈಯಲ್ಲಿ ತೂಗಿದ, ಇನ್ನೊಂದು ಎತ್ತಿದ. ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿ ತಂದು ಎರಡು ಕಡೆ ಎರಡನ್ನಿಟ್ಟ. ಒಂದು ತಟ್ಟೆ ಇಳಿಯಿತು. ತೂಕದಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಬಾರದ ವಸ್ತು ಅದು. ರಿಂಗನ್ನು ಬೆರಳಿನಿಂದ ಅಗಲಿಸಿ ಬಿಟ್ಟ. ಹಿಂದಕ್ಕೆ ಚಿಮ್ಮಬೇಕಾದದ್ದು ಅಗಲಿದಲ್ಲೇ ಉಳಿಯಿತು. ಪೆಟ್ಟಿಗೆಯ ಮೇಲೆ ಯಾವ ಕಂಪನಿಯ ಹೆಸರೂ ಇರಲಿಲ್ಲ, ಒಂದು ಕಮಲದ ಚಿತ್ರವಿತ್ತು. ಕಿಷ್ಟಮ್ಮನಿಗೆ ಓದು ಬಾರದು. ಕಮಲ ನೋಡಿ ಆಕೆಗೆ ಸಂತೋಷವೇ ಆಗಿದ್ದಿರಬೇಕು.

"ಪೂಜಾರಪ್ಪ, ಇದು ಲೋಕಲ್ ಮಾಲು ಐತಿ," ಎಂದ ಕಾಳಪ್ಪ, ದನಿ ತಗ್ಗಿಸಿ. "ಕಾದರ ಉಬ್ಬತೈತಿ, ಉಬ್ಬಿದರ ಹಿಡಕಂತೈತಿ. ದೇವರ ಮುಂದ ಇಟ್ಟು ತಂದೀರಿ, ನಾ ಒಲ್ಲೆ ಅನ್ನಂಗಿಲ್ಲ. ಆದರ ಮುಂದ ಏನರ ಆದರ ನನ್ನ ಕೇಳಬ್ಯಾಡ್ರಿ."

ಬೀರಲಿಂಗಪ್ಪ ಹೊರಗೆ ನೋಡಿದ. ಕಿಷ್ಟಮ್ಮ ಶೆಡ್ಡಿನ ಎದುರಿನ ಕಲ್ಲಿನ ಮೇಲೆ ಮೊಮ್ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಹೋಗಿ ಬರುವವರಿಗೆಲ್ಲ, ಒಳಗೆ ಗಾಡಿಗೆ ಎದೆ ಕೂಡಿಸುತ್ತಿದ್ದಾರೆ ಎಂದು ಹೇಳುತ್ತಿದ್ದಳು.

ಅವನು ಆಕೆಗೆ ತಿಳಿಸದೆ, ಮರುದಿನ ಒಂದು ಪಿಸ್ಟನ್ ಚೀಲಕ್ಕೆ ಹಾಕಿಕೊಂಡು ಒಬ್ಬನೇ ಗದ್ವಾಲಕ್ಕೆ ಹೋದ.

ಶಿವಕಾಂತನ ಸ್ಪೇರ್ ಪಾರ್ಟ್ಸ್ ಅಂಗಡಿ ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿದೆ. ಅಜ್ಜನ ಕಾಲಕ್ಕೆ ರಾಯಚೂರಿನಿಂದ ಬಂದು ನೆಲೆಸಿದ ಮನೆತನ. ಹಣೆ ತುಂಬ ವಿಭೂತಿ, ಗಲ್ಲಾಪೆಟ್ಟಿಗೆಯ ಮೇಲೆ ಸಣ್ಣ ದೀಪ. ಮೋಸಗಾರನೆಂದು ಬಯ್ಯಬೇಕೆಂದು ಬಸ್ಸಿನಲ್ಲಿ ಮಾತು ಕೂಡಿಸಿಕೊಂಡಿದ್ದ ಬೀರಲಿಂಗಪ್ಪನಿಗೆ ಆ ಮುಖ ನೋಡಿದ ಮೇಲೆ ಸಿಟ್ಟು ಉಳಿಯಲಿಲ್ಲ. ಮೆಲ್ಲಗೆ ಪಿಸ್ಟನ್ ತೆಗೆದಿಟ್ಟು ವಿಷಯ ಹೇಳಿದ.

ಶಿವಕಾಂತ ನಿಜಕ್ಕೂ ಬೆರಗಾದ. "ಇಂಜಿನ್ನಿಗಿ ಹಾಕೀರೇನ್ರಿ ಇದನ್ನ?" ಎಂದ. "ಆಕಿ ದೇವರಿಗಿ ಬೇಕು ಅಂದ್ಲು. ಪೂಜಾ ಅಡಿಕಿ ಕೇಳಿದವರಿಗಿ ತಿನ್ನೋ ಅಡಿಕಿ ಯಾರ ಕೊಡ್ತಾರ್ರೀ?"

ಅವನು ತಿಳಿದದ್ದು ಹೀಗೆ. ಕಣ್ಣುಬೇನೆ ವಾಸಿಯಾದವರು ತಗಡಿನ ಕಣ್ಣು ಒಪ್ಪಿಸುತ್ತಾರೆ. ಮಕ್ಕಳಾದವರು ಅಂಗೈಯಷ್ಟು ಮರದ ತೊಟ್ಟಿಲು ಕಟ್ಟುತ್ತಾರೆ. ಆ ತೊಟ್ಟಿಲಲ್ಲಿ ಯಾರೂ ಮಗುವನ್ನು ಮಲಗಿಸುವುದಿಲ್ಲ. ಟ್ರ್ಯಾಕ್ಟರಿನ ಮನೆಯವರು ಏನೋ ಗಂಡಾಂತರ ಕಳೆದು ಪಿಸ್ಟನ್ ಹರಕೆ ಹೊತ್ತಿರಬೇಕು, ಅದು ಗುಡಿಯ ಮೂಲೆಯಲ್ಲಿ ಕೂರುತ್ತದೆ, ಅದಕ್ಕೆ ಹೊಳಪಿದ್ದರೆ ಸಾಕು ಎಂದುಕೊಂಡಿದ್ದ.

ಬೆಲೆ ಎಷ್ಟು ಹೇಳಿದಿರಿ ಎಂದು ಬೀರಲಿಂಗಪ್ಪ ಕೇಳಿದ. ಶಿವಕಾಂತ ದೀಪದ ಬತ್ತಿ ಸರಿಮಾಡಿದ. ಎಲ್ಲರಿಗೂ ಹೇಳುವ ಹಾಗೆ ಹೆಚ್ಚು ಹೇಳಿದೆ, ಚೌಕಾಸಿಯಲ್ಲಿ ಅರ್ಧಕ್ಕೆ ಇಳಿಯುತ್ತದಲ್ಲ, ಆದರೆ ಆಕೆ ಚೌಕಾಸಿ ಮಾಡಲಿಲ್ಲ ಎಂದ. ದೇವರ ವಸ್ತುವಿಗೆ ಬೆಲೆ ಕಟ್ಟಬಾರದೆಂದು ಹೇಳಿದಷ್ಟನ್ನೂ ಎಣಿಸಿಟ್ಟು ಹೋಗಿದ್ದಳು.

ಹಾಗಾದರೆ ಬದಲಿಸಿ ಕೊಡಿರಿ ಎಂದರೆ ಶಿವಕಾಂತ ಎರಡು ಹೆಜ್ಜೆ ಹಿಂದೆ ಸರಿದ. ಪಿಸ್ಟನ್ನಿನ ಒಳಗೆ ಭಂಡಾರ ಅಂಟಿತ್ತು. "ದೇವರಿಗಿ ಏರಿಸಿದ್ದನ್ನ ತಿರುಗಿ ಅಂಗಡ್ಯಾಗ ಇಟಗಂಡ್ರ ನನ್ನ ಮನಿ ಉಳಿತೈತೇನ್ರಿ? ಅದೊಂದು ಹೇಳಬ್ಯಾಡ್ರಿ ಪೂಜಾರಪ್ಪೋರೇ." ಆ ಹೆದರಿಕೆ ನಟನೆಯಾಗಿರಲಿಲ್ಲ. ಅಂಥ ಹೆದರಿಕೆಯನ್ನು ಊರೂರಿಗೆ ಕಲಿಸಿದವರು ಪೂಜಾರಿಗಳೇ.

ತಿರುಗಿ ಬರುವಾಗ ಬೀರಲಿಂಗಪ್ಪ ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದ. ಕೆಳಗೆ ಕೃಷ್ಣೆ ಬಂಡೆಗಳ ನಡುವೆ ಅಲ್ಲಲ್ಲಿ ನಿಂತಿದ್ದಳು. ಅವನು ಗುಡಿಗೆ ತರುವುದೂ ಪೂಜಾ ಅಡಿಕೆಯೇ. ಕಚ್ಚಿದರೆ ಹಲ್ಲು ಹೋಗುತ್ತದೆ. ದೀಪದ ಎಣ್ಣೆಯಲ್ಲಿ ಒಗ್ಗರಣೆ ಹಾಕಲಾಗದು. ದೇವರಿಗೆ ಏರಿಸುವ ಕುಪ್ಪಸದ ಬಟ್ಟೆ ಒಂದು ಒಗೆತಕ್ಕೆ ಬಾಳುವುದಿಲ್ಲ. ಹಾಗೆಂದು ಯಾರಿಗೂ ಭಕ್ತಿ ಕಡಿಮೆಯಿಲ್ಲ. ದೇವರು ವಸ್ತು ನೋಡುವುದಿಲ್ಲ, ಮನಸ್ಸು ನೋಡುತ್ತಾನೆ ಎಂದು ಅವನೇ ಎಷ್ಟೋ ಜನಕ್ಕೆ ಹೇಳಿದ್ದ. ಆ ಮಾತು ಸುಳ್ಳಲ್ಲ. ಆದರೆ ಇಂಜಿನ್ ಮನಸ್ಸು ನೋಡುವುದಿಲ್ಲ.

ಬೇರೆ ಪಿಸ್ಟನ್ ತರಲು ಗುಡಿಯಲ್ಲಿ ಏನೂ ಇರಲಿಲ್ಲ. ಊರಿನವರನ್ನು ಕೇಳಿದರೆ ಏಕೆಂದು ಹೇಳಬೇಕು. ಹೇಳಿದರೆ ಕಿಷ್ಟಮ್ಮನ ಹರಕೆ ಖೋಟಾ ಎಂದು ಸಂತೆಯಲ್ಲಿ ಸಾರಿದ ಹಾಗೆ. ಮಿರಗ ಬಾಗಿಲಿಗೆ ಬಂದಿತ್ತು. ಅವನು ಶೆಡ್ಡಿಗೆ ಹೋಗಿ, ಕೂಡಿಸಪ್ಪ, ಬೀರಪ್ಪ ನಡೆಸುತ್ತಾನೆ ಎಂದ. ಕಾಳಪ್ಪ ಅವನ ಮುಖವನ್ನೊಮ್ಮೆ ನೋಡಿ ಪಾನಾ ಎತ್ತಿಕೊಂಡ.

ಮಳೆ ಬಿದ್ದ ಮೇಲೆ ಕಾಳಪ್ಪ ತಾನೇ ಗಾಡಿ ಹತ್ತಿದ. ದೇವರ ಹೊಲದಲ್ಲಿ ನಿಧಾನವಾಗಿ ನಡೆಸಿದ, ಇಂಜಿನ್ ತಡೆದುಕೊಂಡಿತು. ಊರವರು ಕಿಷ್ಟಮ್ಮನನ್ನು ಹೊಗಳಿದರು. ಆಕೆ ತನ್ನ ಹೊಲದ ಬದುವಿನಲ್ಲಿ ಆರತಿ ಹಿಡಿದು ಕಾದಿದ್ದಳು. ಬಿಸಿಲು ಏರಿತ್ತು. ಆಕೆಯ ದಿಬ್ಬದ ಅರ್ಧಕ್ಕೆ ಬಂದಾಗ ಇಂಜಿನ್ ಒಂದು ಸಲ ಕಿರುಗುಟ್ಟಿ, ಗಕ್ಕನೆ ನಿಂತಿತು. ಕಾಳಪ್ಪ ಎಷ್ಟು ತಿರುವಿದರೂ ಒಳಗೆ ಏನೂ ಅಲುಗಲಿಲ್ಲ. ಅವನು ಇಳಿದು ಬೀರಲಿಂಗಪ್ಪನ ಕಡೆ ನೋಡದೆ ರಸ್ತೆಯತ್ತ ನಡೆದ.

ಕಿಷ್ಟಮ್ಮ ಆರತಿಯನ್ನು ಮಣ್ಣಿನ ಮೇಲಿಟ್ಟಳು.

"ದೇವರ ಹೊಲದಾಗ ನಡೀತು," ಎಂದಳು. "ನನ್ನ ಹೊಲಕ್ಕ ಬಂದು ನಿಂತಿತು. ಬೀರಪ್ಪ ನಂದು ಒಲ್ಲೆ ಅಂದ ಎಪ್ಪಾ."

ಅಂದಿನಿಂದ ಆಕೆ ಗುಡಿಗೆ ಬರುವುದನ್ನು ಬಿಟ್ಟಳು. ಸುತ್ತಲಿನ ಹೊಲಗಳಲ್ಲಿ ಹತ್ತಿ ಬೀಜ ಬಿತ್ತು. ಆಕೆಯ ದಿಬ್ಬದ ಹಸಿ ಆರುತ್ತಿತ್ತು. ಆಕೆ ಅತ್ತ ತಿರುಗಿಯೂ ನೋಡಲಿಲ್ಲ. ಹಗಲೆಲ್ಲ ಕೂಸಿನ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಕೂರುತ್ತಿದ್ದಳು. ಅದು ಸೀನಿದರೆ ಆಕೆಯ ಮುಖ ಕಪ್ಪಿಡುತ್ತಿತ್ತು. ಅಖಿಲಾಳ ಗಂಡನ ಮನೆಯವರು ಗಟ್ಟು ಊರಿನಿಂದ ಬಾಣಂತಿಯನ್ನು ಕರೆದೊಯ್ಯಲು ಬಂದರೆ ಹೊಸ್ತಿಲಿನಿಂದಲೇ ಕಳಿಸಿದಳು. ತಾಯಿ ಉಣ್ಣುತ್ತಿಲ್ಲ, ಕೂಸನ್ನು ನನ್ನ ಕೈಗೇ ಕೊಡುತ್ತಿಲ್ಲ ಎಂದು ಅಖಿಲಾ ಗುಡಿಗೆ ಬಂದು ಅತ್ತಳು. ಕಿಷ್ಟಮ್ಮನ ಮನಸ್ಸು ನೋಯಬಾರದೆಂದು ತಾನು ಹಿಡಿದ ಮೌನ ಆಕೆಯ ದೇವರನ್ನೇ ಕಿತ್ತುಕೊಂಡಿದೆ ಎಂದು ಬೀರಲಿಂಗಪ್ಪನಿಗೆ ಆಗ ಹೊಳೆಯಿತು.

ಅವನು ಆಕೆಯ ಮನೆಗೆ ಹೋಗಿ ಅಂಗಳದಲ್ಲಿ ನೆಲಕ್ಕೇ ಕೂತ.

"ದೇವರು ಒಲ್ಲೆ ಅಂದಿಲ್ಲವ್ವ," ಎಂದ. "ಪಿಸ್ಟನ್ ಚಲೋ ಇರಲಿಲ್ಲ. ನನಗ ಮೊದಲೇ ಗೊತ್ತಿತ್ತು."

ತಕ್ಕಡಿಯಿಂದ ಹಿಡಿದು ಗದ್ವಾಲದ ಅಂಗಡಿಯ ಮಾತಿನವರೆಗೆ ಎಲ್ಲ ಹೇಳಿದ. ಆಕೆ ಕೂಸಿನ ಎದೆಯ ಮೇಲಿನ ಅಂಗೈ ತೆಗೆಯದೆ ಕೇಳಿಸಿಕೊಂಡಳು.

"ಹಂಗಾದ್ರ ಕೂಸಿಗಿ ಏನೂ ಇಲ್ಲಲ್ಲ?" ಎಂದು ಕೇಳಿದಳು.

"ಏನೂ ಇಲ್ಲವ್ವ."

ಕೂಸುಗಳ ಆಯುಷ್ಯದ ಬಗ್ಗೆ ಪೂಜಾರಿಗೆ ತಾನೇ ಏನು ಗೊತ್ತು. ಆದರೂ ಆ ಮಾತು ಅಲ್ಲಿ ಬೇಕಿತ್ತು, ಹೇಳಲು ಅವನೊಬ್ಬನೇ ಇದ್ದ.

ಕಿಷ್ಟಮ್ಮ ಕೂಸನ್ನು ಅಖಿಲಾಳ ಮಡಿಲಿಗೆ ಕೊಟ್ಟಳು. "ದೇವರಿಗಿ ಅಂದ್ರ ಎಲ್ಲಾಕಿಂತ ಚಲೋದು ಕೊಡ್ತಾರಂತ ತಿಳಕಂಡಿದ್ದೆ," ಎಂದಳು. ಆಮೇಲೆ, ನಾಳೆ ಗದ್ವಾಲಕ್ಕೆ ಬರುತ್ತೀರಾ ಎಂದು ಕೇಳಿದಳು.

ಕಾಳಪ್ಪ ಇಂಜಿನ್ ಬಿಚ್ಚಿ, ಹಿಡಿದುಕೊಂಡಿದ್ದ ಪಿಸ್ಟನ್ನನ್ನು ಬಡಿದು ಹೊರಗೆ ತೆಗೆದಿದ್ದ. ಮೈತುಂಬ ಉದ್ದುದ್ದ ಗೀರು. ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಇಬ್ಬರೂ ಬಸ್ಸು ಹತ್ತಿದರು.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಶಿವಕಾಂತ ಆಕೆಯನ್ನು ಕಂಡೊಡನೆ ಗುರುತಿಸಿ ಎದ್ದು ನಿಂತ. ಜಗಳಕ್ಕೆ ತಯಾರಾದವನ ಹಾಗೆ ಇತ್ತು ಅವನ ನಿಲುವು. ಕಿಷ್ಟಮ್ಮ ಸುತ್ತಿದ್ದ ಬಟ್ಟೆ ತೆಗೆದು ಪಿಸ್ಟನ್ನನ್ನು ಕೌಂಟರಿನ ಗಾಜಿನ ಮೇಲಿಟ್ಟಳು. ಇದೇ ಅಳತೆಯವು ಮೂರು, ಅದರ ಲೈನರು, ರಿಂಗು ಎಂದು ಕಾಳಪ್ಪ ಹೇಳಿಕೊಟ್ಟದ್ದನ್ನು ಒಪ್ಪಿಸಿದಳು.

"ಈ ಸಲ ದೇವರಿಗಿ ಅಲ್ಲಪ್ಪ," ಎಂದಳು. "ಮನಿಗಿ."

ಎಂದವಳು ತಲೆ ತಗ್ಗಿಸಿ ಸೆರಗಿನ ಗಂಟು ಬಿಚ್ಚತೊಡಗಿದಳು. ಗಂಟು ಬಿಗಿಯಾಗಿತ್ತು.

ಶಿವಕಾಂತ ಆ ಬೆರಳುಗಳನ್ನು ನೋಡುತ್ತ ನಿಂತ. ಆಮೇಲೆ ಏಣಿ ಹತ್ತಿ ಮೇಲಿನ ಕಪಾಟಿನಿಂದ ಒಂದು ಪೆಟ್ಟಿಗೆ ಇಳಿಸಿದ. ಒಂದೊಂದೇ ಪಿಸ್ಟನ್ ತೆಗೆದು ಬೀರಲಿಂಗಪ್ಪನ ಕೈಗೆ ಕೊಟ್ಟು ತೂಕ ನೋಡಿಸಿದ, ತಿರುಗಿ ಕಾಗದ ಸುತ್ತಿ ಜೋಡಿಸಿದ, ಹುರಿಯಿಂದ ಎರಡು ಸುತ್ತು ಕಟ್ಟಿದ. ಕಿಷ್ಟಮ್ಮನ ಗಂಟು ಅರ್ಧ ಬಿಚ್ಚಿತ್ತು. ಅವನು ಬೇಡವೆಂದು ಕೈ ಅಡ್ಡ ಹಿಡಿದ, ಪೆಟ್ಟಿಗೆಯನ್ನು ಆಕೆಯ ಕಡೆಗೆ ಸರಿಸಿದ, ಕಾಯುತ್ತಿದ್ದ ಇನ್ನೊಬ್ಬ ಗಿರಾಕಿಗೆ ಏನು ಬೇಕೆಂದು ತೆಲುಗಿನಲ್ಲಿ ಕೇಳಿದ.