ಏಕಾಂತಪ್ಪನವರ ಕುರ್ಚಿ

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಹೊಳೆಯ ಕಡೆಗೆ ಇಳಿಯುವ ಓಣಿಯೊಂದಿದೆ. ಅದರ ಕೊನೆಯ ಮನೆ, ಹೊಳೆಯ ಲೆಕ್ಕದಲ್ಲಿ ಮೊದಲ ಮನೆ, ದಾಕ್ಷಾಯಣಿಯದು. ಗಂಡ ಷಡಕ್ಷರಪ್ಪ ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ಬಟ್ಟೆ ಅಂಗಡಿಯ ಕೆಲಸಕ್ಕಿದ್ದ. ಬೆಳಗಿನ ಬಸ್ಸಿಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ಹಗಲೆಲ್ಲ ಮನೆಯಲ್ಲಿ ಅವಳು ಮತ್ತು ಮಾವ ಏಕಾಂತಪ್ಪ. ಅವರು ಶಿವಮೊಗ್ಗ-ಭದ್ರಾವತಿ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರಾಗಿ ಆಯುಷ್ಯ ಕಳೆದವರು. ಬಸ್ಸಿನ ಮೆಟ್ಟಿಲಿಂದ ಬಿದ್ದು ಸೊಂಟ ಹೋದ ಮೇಲೆ ಕಾಲು ನೆಲಕ್ಕೆ ಊರುತ್ತಿರಲಿಲ್ಲ. ನಾಲಿಗೆ ಮಾತ್ರ ಸರ್ವಿಸಿನಲ್ಲೇ ಇತ್ತು.

ಹಿಂದಿನ ಮಳೆಗಾಲ ಅಣೆಕಟ್ಟೆ ತುಂಬಿ ನೀರು ಬಿಟ್ಟಾಗ ಹೊಳೆ ಓಣಿಗೆ ನುಗ್ಗಿತ್ತು. ದಾಕ್ಷಾಯಣಿ ಮಾವನ ಮಂಚದ ಕಾಲುಗಳಿಗೆ ಇಟ್ಟಿಗೆ ಕೊಟ್ಟು, ಪಕ್ಕದಲ್ಲೇ ಸೊಂಟದುದ್ದ ನೀರಿನಲ್ಲಿ ನಿಂತಿದ್ದಳು. "ನೀನು ಹೋಗು" ಎಂದು ಅವರು ಬೈದರು. ಅವಳು ಹೋಗಲಿಲ್ಲ. ನೀರು ಹಾಸಿಗೆ ಮುಟ್ಟುವವರೆಗೂ ಓಣಿಯಲ್ಲಿ ಒಬ್ಬರಿಗೂ ಈ ಮನೆಯ ನೆನಪಾಗಲಿಲ್ಲ. ಯಾರನ್ನೂ ದೂರುವಂತಿರಲಿಲ್ಲ, ಎಲ್ಲರೂ ತಮ್ಮ ತಮ್ಮ ಮಕ್ಕಳನ್ನೂ ಟಿವಿಯನ್ನೂ ಎತ್ತಿಕೊಂಡು ಓಡುತ್ತಿದ್ದರು. ಆದರೂ ದಾಕ್ಷಾಯಣಿ ದೂರಿದಳು, ವರ್ಷವಿಡೀ ದೂರಿದಳು.

ಹಾಗಾಗಿ ಮರುವರ್ಷ ಬೇಸಿಗೆಯಲ್ಲಿ ಶಿವಮೊಗ್ಗದ ದುರ್ಗಿಗುಡಿಯ ಒಂದು ಸೇವಾ ಸಂಸ್ಥೆಯಿಂದ ಜ್ಞಾನೇಶ್ ಎಂಬ ಹುಡುಗ ಬಂದು, ನೆರೆ ಬರುವ ಮುಂಚೆಯೇ ಓಣಿಯವರೆಲ್ಲ ಕೂತು ಯಾರು ಏನು ಮಾಡಬೇಕು ಎಂದು ಗೊತ್ತುಮಾಡಿಕೊಳ್ಳಿ ಅಂದಾಗ, ಮೊದಲು ಎದ್ದು ನಿಂತವಳು ಅವಳೇ. ಸಭೆ ಸೇರಿದ್ದು ಮೇಲಿನ ತಿರುವಿನಲ್ಲಿದ್ದ ಬೀರಪ್ಪನ ಎಸ್‌ಟಿಡಿ ಬೂತಿನ ಮುಂದೆ. ನೀರು ಬಿಡುವ ಸುದ್ದಿ ಬೀರಪ್ಪನ ಫೋನಿಗೆ ಬರುವುದು, ಅವನು ಓಣಿಗೆ ಕೂಗುವುದು, ಎಲ್ಲರೂ ದಿಣ್ಣೆಯ ಮೇಲಿನ ಸ್ಕೂಲಿಗೆ ಹೋಗುವುದು ಎಂದು ಮಾತಾಗಿತ್ತು.

"ಅದೆಲ್ಲ ಸರಿ. ನಮ್ಮ ಮಾವನ್ನ ಯಾರು ಹೊರ್ತೀರಿ?" ಎಂದಳು ದಾಕ್ಷಾಯಣಿ.

ಕೊನೆಗೆ ಬೀರಪ್ಪ, "ನಾನಿದೀನಿ ಕಣಕ್ಕ. ಇನ್ನೂ ಮೂರು ಜನ ಆದ್ರೆ ಆಯ್ತು" ಎಂದ. ಅವನ ಮುಖ ನೋಡಿ ಉಳಿದವರೂ ಒಪ್ಪಿದರು. ಎದುರುಮನೆಯ ಕಾಶಮ್ಮಜ್ಜಿಗೆ ಕಿವಿ ಒಂಚೂರೂ ಕೇಳಿಸುತ್ತಿರಲಿಲ್ಲ. ಅವಳಿಗೆ ಕೂಗಿ ಪ್ರಯೋಜನವಿಲ್ಲ, ಯಾರಾದರೂ ಹೋಗಿ ಹೇಳೋಣ ಎಂದು ಬಿಟ್ಟರು. ಯಾರು ಹೋಗುವುದು ಎಂದು ಮಾತ್ರ ಆಗಲಿಲ್ಲ.

ಕುರ್ಚಿಯ ಉಪಾಯ ಜ್ಞಾನೇಶನದು. ಕೈಯಿರುವ ಮರದ ಕುರ್ಚಿಗೆ ಎರಡು ಬಿದಿರು ಬಿಗಿದು, ನಾಲ್ಕು ಜನ ಹೆಗಲು ಕೊಡುವುದು. ಭಾನುವಾರ ಒಂದು ಸಲ ಹೊತ್ತು ನೋಡೋಣ ಅಂದರು. ಏಕಾಂತಪ್ಪ ಆಗಷ್ಟೇ ಪೂಜೆ ಮುಗಿಸಿದ್ದರು, ಹಣೆ ತುಂಬ ವಿಭೂತಿ. ಜಾರದಿರಲಿ ಎಂದು ಬಿಳಿ ಪಂಚೆಯಿಂದ ಎದೆಯನ್ನು ಕುರ್ಚಿಗೆ ಕಟ್ಟಿದರು. ಬೀರಪ್ಪನ ಕಡೆಯವರು ಹೆಗಲು ಕೊಟ್ಟು ಎತ್ತಿದರು, ಬೀದಿಗೆ ಬಂದರು.

ಕಿಟಕಿಯಲ್ಲಿದ್ದ ಕಾಶಮ್ಮಜ್ಜಿ ನೋಡಿದಳು. ಹೊರಗೆ ಓಡಿಬಂದು, ಎದೆ ಬಡಿದುಕೊಂಡು, "ಅಯ್ಯೋ ಏಕಾಂತಣ್ಣಾ, ಯಾವಾಗ ಹೋದ್ಯಪ್ಪಾ!" ಎಂದು ಬೋರಾಡಿ ಅಳತೊಡಗಿದಳು.

ಆಮೇಲೆ ಯಾರ ಕೈಯಲ್ಲೂ ತಡೆಯಲು ಆಗಲಿಲ್ಲ. ಅತ್ತ ಮನೆಯವರು, ಇತ್ತ ಮನೆಯವರು ಕಣ್ಣೊರೆಸಿಕೊಳ್ಳುತ್ತ ಬಂದರು. ಹೂವಿನ ಹೂವಮ್ಮ ಬುಟ್ಟಿಯಿಂದ ಒಂದು ಹಾರವನ್ನೇ ತಂದು ಏಕಾಂತಪ್ಪನವರ ಕೊರಳಿಗೆ ಹಾಕಿಬಿಟ್ಟಳು. ಲಿಂಗಾಯತರಲ್ಲಿ ತೀರಿಕೊಂಡವರನ್ನು ಮಲಗಿಸಿ ಒಯ್ಯುವುದಿಲ್ಲ. ವಿಭೂತಿ ಹಚ್ಚಿ, ವಿಮಾನ ಕಟ್ಟಿ, ಅದರಲ್ಲಿ ಕೂರಿಸಿಯೇ ಹೊರುತ್ತಾರೆ. ಜ್ಞಾನೇಶನೂ ಅದೇ ಜನದ ಹುಡುಗ, ಅವನಿಗೆ ಹೊಳೆಯಬೇಕಿತ್ತು. ದಾಕ್ಷಾಯಣಿಗಂತೂ ಖಂಡಿತ ಹೊಳೆಯಬೇಕಿತ್ತು. ಅವಳಿಗೆ ನಾಚಿಕೆಯಿಂದ ನೆಲ ಬಿರಿದರೆ ಸಾಕೆನಿಸಿತು.

"ಇಳಸ್ರೋ!" ಎಂದರು ಏಕಾಂತಪ್ಪ, ಹಾರ ಕಿತ್ತು ಎಸೆದು. "ಜೀವ ಇರೋವಾಗ್ಲೇ ವಿಮಾನ ಹತ್ತಿಸ್ತೀರೇನ್ರೋ?"

"ಹಂಗಾದ್ರೆ ಮಂಚದ ಮೇಲೆ ಮಲಗಿಸ್ಕೊಂಡು ಹೋಗಣ ಯಜಮಾನ್ರೇ" ಎಂದ ಬೀರಪ್ಪ. ಅಂದವನೇ ನಾಲಿಗೆ ಕಚ್ಚಿಕೊಂಡ. ಬೀರಪ್ಪನ ಜನರಲ್ಲಿ ಹಾಗೆ ಮಲಗಿ ಹೋಗುವುದೂ ಹೆಣವೇ.

"ಕುಂತ್ರೆ ನಮ್ಮ ಹೆಣ, ಮಲಗಿದ್ರೆ ನಿಮ್ಮ ಹೆಣ. ನಾನು ಎಲ್ಲಿಗೂ ಬರಲ್ಲ ಮಾರಾಯ, ಹೋಗು."

ಆ ಮಾತಿಗೆ ಅವರು ಅಂಟಿಕೊಂಡರು. ಮಗ ಹೇಳಿದ, ಜ್ಞಾನೇಶ್ ಮತ್ತೆ ಬಸ್ಸು ಹಿಡಿದು ಬಂದು ಹೇಳಿದ, ಏನೂ ನಡೆಯಲಿಲ್ಲ. ಮುಂಗಾರು ಶುರುವಾಯಿತು. ಹೊಳೆಯ ನೀರು ಕೆಂಪಗಾಯಿತು. ದಾಕ್ಷಾಯಣಿಗೆ ಊಟ ಸೇರದಾಯಿತು. ಸೊಂಟದುದ್ದ ನೀರಿನ ಚಳಿ ಇನ್ನೂ ಅವಳ ಮೈಯಲ್ಲಿತ್ತು, ಇನ್ನೊಮ್ಮೆ ಅಲ್ಲಿ ನಿಲ್ಲುವ ಧೈರ್ಯ ಅವಳಿಗಿರಲಿಲ್ಲ. ಬಿಟ್ಟು ಓಡುವ ಧೈರ್ಯವೂ ಇರಲಿಲ್ಲ.

ಒಂದು ಮಧ್ಯಾಹ್ನ ಮುದ್ದೆ ಬಡಿಸುತ್ತ, "ನೀವು ಬರಲ್ಲ ಅಂದ್ರೆ ನಾನೂ ಹೋಗಲ್ಲ ಮಾವ. ಇಬ್ರೂ ಮುಳುಗಣ" ಎಂದಳು. ಅವರು ಮುದ್ದೆ ಮುರಿದು ನುಂಗುತ್ತಲೇ ಇದ್ದರು. ಅವಳಿಗೆ ಸಿಟ್ಟು ಬಂದು, ಕೈಗೆ ಸಿಕ್ಕ ಬಟ್ಟೆಯನ್ನೆಲ್ಲ ಗೂಟದಿಂದ ಸೆಳೆದಳು, ಮಡಚುವ ನೆಪಕ್ಕೆ. ಅದರಲ್ಲಿ ಮಾವನ ಹಳೆಯ ಖಾಕಿ ಅಂಗಿಯೂ ಬಂತು. ಜೇಬಿಂದ ದಾರದ ಸಮೇತ ಸೀಟಿ ಟಣ್ಣೆಂದು ಕೆಳಗೆ ಬಿತ್ತು.

ಅವಳು ಅದನ್ನು ನೋಡಿದಳು. ಮಾವನನ್ನು ನೋಡಿದಳು.

"ಹೆಣ ಸೀಟಿ ಊದುತ್ತಾ ಮಾವ?"

ಏಕಾಂತಪ್ಪ ಕೈ ತೊಳೆದು, ಸೀಟಿಯನ್ನು ಪಂಚೆಗೆ ಒರೆಸಿ, ಬಾಯಿಗಿಟ್ಟು ಊದಿದರು. ಹೆಂಚಿನ ಮೇಲಿದ್ದ ಪಾರಿವಾಳಗಳು ಎದ್ದುಹೋದವು.

ಮುಂದಿನ ಭಾನುವಾರ ಅವರೇ ಹೇಳಿಕಳಿಸಿದರು. ಮೈಮೇಲೆ ಖಾಕಿ, ಕೊರಳಲ್ಲಿ ಸೀಟಿ. ಒಂದು ಸಲ ಊದಿದರೆ ನಿಲ್ಲಬೇಕು, ಎರಡು ಸಲ ಊದಿದರೆ ಹೊರಡಬೇಕು. ಓಣಿಯ ಒಂದೊಂದು ಬಾಗಿಲೂ ಒಂದೊಂದು ಸ್ಟಾಪು. "ಹೋಲ್ಡಾನ್!" ಎಂದು ಅವರು ಕೂಗಿದರೆ ಬೀರಪ್ಪನ ಕಡೆಯವರು ನಿಂತಲ್ಲೇ ನಗುತ್ತಿದ್ದರು. ಹೊರಲು ಜನ ಬೇಕಾದ ಮನುಷ್ಯ ಈಗ ಓಣಿಯನ್ನೇ ಎಬ್ಬಿಸಿಕೊಂಡು ಹೋಗುವವನಾದ. ಕಾಶಮ್ಮಜ್ಜಿಗೆ ದಾಕ್ಷಾಯಣಿ ಕೈಸನ್ನೆಯಲ್ಲಿ ತಿಳಿಸಿದಳು: ಈ ಕುರ್ಚಿ ಹೊರಟದ್ದು ಕಂಡರೆ ಅಳಬಾರದು, ಗಂಟು ಎತ್ತಿಕೊಂಡು ಹೊರಡಬೇಕು. ಅಜ್ಜಿ ಸೀರೆ, ಅಕ್ಕಿ, ರೇಷನ್ ಕಾರ್ಡು ಗಂಟು ಕಟ್ಟಿ ಅವತ್ತೇ ಬಾಗಿಲ ಹಿಂದೆ ಇಟ್ಟಳು.

ಆಷಾಢದಲ್ಲಿ ಒಂದು ಬೆಳಿಗ್ಗೆ ಬೀರಪ್ಪನ ಫೋನು ಬಡಿದುಕೊಂಡಿತು. ನಾಲ್ವರೂ ಓಡಿಬಂದರು. ಕುರ್ಚಿ ಹೊರಟಾಗ ಚರಂಡಿಯ ನೀರು ಹಿಮ್ಮುಖವಾಗಿ ಹರಿಯತೊಡಗಿತ್ತು. ಮೊದಲ ಸ್ಟಾಪು ಕಾಶಮ್ಮಜ್ಜಿಯದು. ಕಿಟಕಿಯಲ್ಲಿ ಅಜ್ಜಿ ಇಲ್ಲ. ಏಕಾಂತಪ್ಪ ಸೀಟಿ ಊದಿದರು. ಕಿವಿ ಕೇಳದವಳಿಗೆ ಊದಿ ಏನು?

"ಮುಂದೆ ಹೋಗಣ ಯಜಮಾನ್ರೇ, ಕಾಲಿಗೆ ನೀರು ಬಂತು" ಎಂದ ಬೀರಪ್ಪ.

"ಪ್ಯಾಸೆಂಜರ್ ಹತ್ತದೆ ಗಾಡಿ ಬಿಡಲ್ಲ. ದಾಕ್ಷಾಯಣೀ, ಒಳಗೆ ನೋಡವ್ವ!"

ಅವಳು ಒಳಗೆ ನುಗ್ಗಿದಳು. ಅಜ್ಜಿ ಹಿತ್ತಲ ಬಚ್ಚಲಲ್ಲಿ ತಣ್ಣಗೆ ಒಲೆ ಊದುತ್ತ ಕೂತಿದ್ದಳು. ರಟ್ಟೆ ಹಿಡಿದು ಬೀದಿಗೆ ತಂದಾಗ ಕುರ್ಚಿ ಅಲ್ಲೇ ಇತ್ತು, ಹೊತ್ತವರ ಮೊಣಕಾಲವರೆಗೆ ನೀರಿತ್ತು. ಅಜ್ಜಿ ಕುರ್ಚಿ ನೋಡಿದವಳೇ ತಿರುಗಿ ಹೋಗಿ ಗಂಟು ತಂದಳು. ಆಗ ಎರಡು ಸೀಟಿ ಕೇಳಿತು. ಆ ದಿನ ಓಣಿಯಲ್ಲಿ ಕೋಳಿಗಳು ಹೋದವು, ಎರಡು ಗೋಡೆ ಬಿದ್ದವು. ಜನ ಒಬ್ಬರೂ ಹೋಗಲಿಲ್ಲ. ಸ್ಕೂಲಿನ ಜಗಲಿಯಲ್ಲಿ ದಾಕ್ಷಾಯಣಿ ಮಾವನ ಒದ್ದೆ ಪಾದ ಒರೆಸುತ್ತ ಸಂತೋಷಕ್ಕೆ ಅತ್ತಳು.

ಆಮೇಲೂ ಕೆಲವು ಮಳೆಗಾಲ ಆ ಕುರ್ಚಿ ಹೊರಟಿತು. ಏಕಾಂತಪ್ಪ ತೀರಿಕೊಂಡದ್ದು ಮಳೆಯ ಸುಳಿವೇ ಇಲ್ಲದ ಒಂದು ಬೇಸಿಗೆಯಲ್ಲಿ, ನಿದ್ದೆಯಲ್ಲಿ. ವಿಭೂತಿ ಹಚ್ಚಿದರು, ವಿಮಾನ ಕಟ್ಟಿದರು. ಬೀರಪ್ಪ ಯಾರನ್ನೂ ಕೇಳದೆ ತನ್ನ ಮಾಮೂಲಿನ ಜಾಗದಲ್ಲಿ ಹೆಗಲು ಕೊಟ್ಟ.

ವಿಮಾನ ಬೀದಿಗೆ ಬಂತು. ಎದುರುಮನೆಯ ಬಾಗಿಲು ತೆರೆಯಿತು. ಕಾಶಮ್ಮಜ್ಜಿ ಕಂಕುಳಲ್ಲಿ ಗಂಟು ಇಟ್ಟುಕೊಂಡು, ಸೆರಗು ಬಿಗಿದು, ಹೊರಡಲು ತಯಾರಾಗಿ ಬಂದಿದ್ದಳು. ಬಿಸಿಲನ್ನು ನೋಡಿದಳು, ಒಣಗಿದ ಚರಂಡಿ ನೋಡಿದಳು, ದಾಕ್ಷಾಯಣಿಯ ಮುಖ ನೋಡಿದಳು. ಗಂಟು ಮೆಲ್ಲಗೆ ಕೆಳಗಿಟ್ಟಳು.

ಹೊತ್ತವರು ಅವಳ ಬಾಗಿಲಲ್ಲಿ ತಾವಾಗಿಯೇ ನಿಂತುಬಿಟ್ಟಿದ್ದರು. ಅದು ಸ್ಟಾಪು. ಯಾರಿಗೂ ಮುಂದೆ ಹೆಜ್ಜೆ ಏಳಲಿಲ್ಲ. ದಾಕ್ಷಾಯಣಿ ಸೆರಗಿನ ಗಂಟು ಬಿಚ್ಚಿದಳು. ಅದರಲ್ಲಿ ಕಟ್ಟಿಕೊಂಡಿದ್ದ ಮಾವನ ಸೀಟಿ ತೆಗೆದು, ಎರಡು ಸಲ ಊದಿದಳು.

ವಿಮಾನ ಮುಂದೆ ಹೊರಟಿತು.