ಬೆವರಿದ ಪಂಪು

ಮೊದಲ ಏಟು ದವಡೆಗೆ ಬಿತ್ತು. ಪಂಪು ರಿಪೇರಿಯವನಿಗೆ ಕಣ್ಣು ಕತ್ತಲಿಟ್ಟಿತು. ನೀರಿನ ತೊಟ್ಟಿಯ ಕಟ್ಟೆಗೆ ಬೆನ್ನು ಬಡಿದುಕೊಂಡು ಕುಸಿದ.

“ನನ್ನ ಹೆಂಡ್ತೀನ ಸಾಯಿಸೋಕೆ ನೋಡ್ತೀಯೇನೋ?” ಲಾರಿ ಡ್ರೈವರ್ ಅವನ ಕೊರಳಪಟ್ಟಿ ಹಿಡಿದೆತ್ತಿದ. “ಮೂರು ದಿನದ ಹಿಂದೆ ರಿಪೇರಿ ಮಾಡಿ ಹೋದೆ. ಇವತ್ತು ಪಂಪಿನ ಕಬ್ಬಿಣದ ಪೈಪು ಮುಟ್ಟಿದೋಳು ಗೋಡೆಗೆ ಹೋಗಿ ಬಿದ್ಲು!”

ಒಳಕೋಣೆಯಿಂದ ಅವಳ ನರಳಾಟ ಕೇಳುತ್ತಿತ್ತು. ಅಂಗೈ ಸುಟ್ಟಿತ್ತು. ಜೀವಕ್ಕೆ ಅಪಾಯವಿಲ್ಲವೆಂದು ಡಾಕ್ಟರು ಹೇಳಿಹೋಗಿದ್ದರು.

“ಬಿಚ್ಚು. ನನ್ನೆದುರೇ ಬಿಚ್ಚು. ತಪ್ಪು ನಿಂದಾದ್ರೆ ಆ ಬೆರಳುಗಳ ಕತೆ ಇವತ್ತಿಗೆ ಮುಗೀತು.” ಡ್ರೈವರ್ ಪೈಪ್ ರೆಂಚು ಕೈಗೆತ್ತಿಕೊಂಡ. ಅವನು ಅಂದದ್ದನ್ನು ಮಾಡುವವನೆಂದು ಬೀದಿಗೆಲ್ಲ ಗೊತ್ತಿತ್ತು.

ರಿಪೇರಿಯವನು ರಕ್ತ ಉಗುಳಿದ. ಮೇನ್ ಸ್ವಿಚ್ ಆರಿದೆಯೇ ಎಂದು ಎರಡೆರಡು ಸಲ ನೋಡಿದ. ಚಳಿಜ್ವರದವನಿಗೆ ಕಂಬಳಿ ಹೊದಿಸಿದ ಹಾಗೆ ಪಂಪಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಹಗ್ಗ ಬಿಗಿದಿದ್ದರು. ಬಿಚ್ಚಿದರೆ ಹಾಳೆಯ ಒಳಮೈಯೆಲ್ಲ ಹನಿ ಹನಿ. ವೈರುಗಳು ಸೇರುವ ಡಬ್ಬಿಯ ಮುಚ್ಚಳ ತೆಗೆದ. ಒಳಗೆ ನೀರು ನಿಂತಿತ್ತು.

“ಇದನ್ನ ಕಟ್ಟಿದ್ದು ಯಾರು?”

“ನಾನು,” ಎಂದ ಡ್ರೈವರನ ತಮ್ಮ, ಬಾಗಿಲಲ್ಲಿ ನಿಂತು. “ಮಳೆ ಎರಚಲು ಬೀಳ್ತಿತ್ತು. ನೆನೀಬಾರ್ದು ಅಂತ...”

“ಓಡಿ ಬಿಸಿಯಾದ ಪಂಪಿಗೆ ಗಾಳಿಯಾಡದಂಗೆ ಕಟ್ಟಿದ್ರೆ ಅದು ಒಳಗೊಳಗೇ ಬೆವರುತ್ತೆ. ಆ ಬೆವರೇ ಡಬ್ಬಿಗೆ ಇಳ್ದಿದೆ.”

ಮಾತು ಮುಗಿಯುವ ಮೊದಲೇ ಡ್ರೈವರ್ ತಮ್ಮನ ಮೇಲೆ ಬಿದ್ದ. “ಪಂಪೇನು ನಿನ್ನ ಕೂಸೇನೋ, ಹೊದಿಸಿ ಮಲಗ್ಸೋಕೆ? ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಅತ್ತಿಗೇನ ಹೆಣ ಮಾಡ್ತಿದ್ದೆಯಲ್ಲೋ!” ಮೂಗು ಒಡೆಯಿತು. ಕೆಳಗೆ ಬಿದ್ದವನ ಪಕ್ಕೆಗೆ ಒದೆತಗಳು ಒಂದರ ಮೇಲೊಂದು ಬಿದ್ದವು.

“ಅಣ್ಣಾ, ಸಾಕಣ್ಣಾ...”

ಸುಮ್ಮನಿದ್ದರೆ ರಿಪೇರಿಯವನ ಬೆರಳುಗಳು ಉಳಿಯುತ್ತಿದ್ದವು. ಆದರೆ ಅವನ ಕಣ್ಣು ಡಬ್ಬಿಯ ಪಕ್ಕದ ಖಾಲಿ ತೂತಿನಲ್ಲೇ ನೆಟ್ಟಿತ್ತು. ಆವತ್ತು ಅರ್ಥ್ ವೈರಿನ ತಿರುಪು ತುಕ್ಕು ಹಿಡಿದು ಮುರಿದಿತ್ತು. ಮನೆಯಲ್ಲಿ ತೊಟ್ಟು ನೀರಿಲ್ಲ, ಎಲ್ಲರದೂ ಅವಸರ. ಹೊಸ ತಿರುಪು ನಾಳೆ ತಂದರಾಯಿತೆಂದು ವೈರನ್ನು ಪಂಪಿನ ಹಿಂದೆ ಮಡಚಿಟ್ಟಿದ್ದ. ಯಾರಿಗೂ ಹೇಳಿರಲಿಲ್ಲ. ಅದು ಇದ್ದಿದ್ದರೆ ಪಂಪು ಎಷ್ಟು ಬೆವರಿದ್ದರೂ ಫ್ಯೂಸು ಹೋಗುತ್ತಿತ್ತು, ಅವಳ ಕೈ ಸುಡುತ್ತಿರಲಿಲ್ಲ.

ಡ್ರೈವರನ ರೆಂಚು ಮೇಲೇರಿತು.

“ಬಿಡಿ ಅವನನ್ನ! ಅರ್ಥ್ ವೈರು ನಾನು ಹಾಕಿರ್ಲಿಲ್ಲ.”

“ಏನಂದೆ?”

ಎರಡನೇ ಸಲ ದನಿ ನಡುಗಿತು. ಆದರೂ ಹೇಳಿದ. “ಅದು ಇದ್ದಿದ್ರೆ ಅಮ್ಮಾವ್ರಿಗೆ ಶಾಕ್ ಹೊಡೀತಿರ್ಲಿಲ್ಲ. ತಪ್ಪು ನಂದು.”

ಡ್ರೈವರ್ ಅವನ ಬಲ ಮಣಿಕಟ್ಟನ್ನು ಕಟ್ಟೆಗೆ ಒತ್ತಿಹಿಡಿದು ರೆಂಚು ಬೀಸಿದ. ಒಣ ಪುರಳೆ ಕಡ್ಡಿ ಮುರಿದ ಸದ್ದು, ಎರಡು ಬೆರಳು. ರಿಪೇರಿಯವನ ಕಿರುಚಾಟಕ್ಕೆ ಒಳಗಿನ ನರಳಾಟವೂ ನಿಂತುಹೋಯಿತು. ಮತ್ತೆ ಎತ್ತಿದ ತೋಳಿಗೆ ತಮ್ಮ ಜೋತುಬಿದ್ದ. ಅವನ ಮೂಗಿನ ರಕ್ತ ಅಣ್ಣನ ಅಂಗಿಗೆಲ್ಲ ಮೆತ್ತಿತು.

“ಅವ್ನು ಬಾಯಿ ಬಿಡದೇ ಇದ್ದಿದ್ರೆ ನಿಂಗೆ ಗೊತ್ತಾಗ್ತಿತ್ತಾ? ನನ್ನ ಕೊಂದೇ ಹಾಕ್ತಿದ್ದೆ!”

ಡ್ರೈವರ್ ಇಬ್ಬರ ಮುಖವನ್ನೂ ನೋಡಿದ. ರೆಂಚು ಕೈಯಿಂದ ಜಾರಿತು.

ರಿಪೇರಿಯವನು ಕೈಯನ್ನು ಎದೆಗವಚಿಕೊಂಡು, ಹಲ್ಲು ಕಚ್ಚಿ ಎದ್ದ. “ಪಂಪು ಪೂರ್ತಿ ಒಣಗಿ, ಅರ್ಥ್ ವೈರು ಕೂರಿಸೋವರೆಗೂ ಯಾರೂ ಸ್ವಿಚ್ ಹಾಕ್ಬೇಡಿ,” ಎಂದ.