ಒಗೆಯುವ ಕೋಣೆಯ ಉದ್ಘಾಟನೆ

ವಿದ್ಯಾರ್ಥಿಗಳು ಒಬ್ಬರೊಡನೊಬ್ಬರು ಬೆರೆಯುತ್ತಿಲ್ಲ ಎಂಬ ವಿಷಯ ಕುಲಪತಿಗಳಿಗೆ ಗೊತ್ತಾದದ್ದು ಒಂದು ಸಮೀಕ್ಷೆಯಿಂದ. ಓದಿನಲ್ಲಿ ಮುಂದಿದ್ದ ಅವರ ವಿಶ್ವವಿದ್ಯಾಲಯ ಲವಲವಿಕೆಯಲ್ಲಿ ಕೊನೆಯ ಸಾಲಿನಲ್ಲಿತ್ತು. ಅವರು ಕ್ಷೇಮಪಾಲನಾ ಅಧಿಕಾರಿಯನ್ನು ಕರೆಸಿ, "ಮಕ್ಕಳು ನಗ್ತಾ ಓಡಾಡ್ಬೇಕು ಕಣ್ರೀ, ಏನಾದ್ರೂ ಮಾಡಿ" ಎಂದರು.

ಅಧಿಕಾರಿ ಮೂಲತಃ ಭೂಗರ್ಭಶಾಸ್ತ್ರದ ಮೇಷ್ಟ್ರು. ಅರ್ಧ ಆಯಸ್ಸು ಕಲ್ಲುಗಳ ಜೊತೆ ಏಗಿದವನಿಗೆ ಮಕ್ಕಳನ್ನು ನಗಿಸುವುದು ಯಾವ ಮಹಾ ಕೆಲಸ ಎಂದುಕೊಂಡು ಸುತ್ತೋಲೆ ಹೊರಡಿಸಿದರು. ಪ್ರತಿ ಶುಕ್ರವಾರ ಸಂಜೆ ಸಭಾಂಗಣದಲ್ಲಿ 'ಮುಕ್ತ ಒಡನಾಟ'. ಹಾಜರಾತಿ ಕಡ್ಡಾಯ.

ಮೊದಲ ಶುಕ್ರವಾರ ಹೋದವರಲ್ಲಿ ರಸಾಯನಶಾಸ್ತ್ರ ವಿಭಾಗಕ್ಕೆ ಆ ವರ್ಷವೇ ಸೇರಿದ್ದ ಒಬ್ಬ ಹುಡುಗಿಯೂ ಇದ್ದಳು. ಬಾಯಿ ಬಿಟ್ಟರೆ ಎಲ್ಲಿ ತಪ್ಪಾಗುತ್ತದೋ ಎಂದು ಹೆದರುವ ಜಾತಿ. ಮೆಸ್ಸಿನಲ್ಲಿ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು. ಅವಳ ಅಮ್ಮ ಮನೆಯಲ್ಲೇ ಹೊಲಿಗೆ ಕೆಲಸ ಮಾಡುವವಳು, ಫೋನ್ ಮಾಡಿದಾಗಲೆಲ್ಲ ಮಷೀನಿನ ಸದ್ದಿನ ನಡುವೆ, "ಯಾರಾದ್ರೂ ಜೊತೆಯಾದ್ರೇನೇ?" ಎಂದು ಕೇಳುತ್ತಿದ್ದಳು. "ತುಂಬಾ ಜನ ಇದ್ದಾರಮ್ಮ" ಎನ್ನುತ್ತಿದ್ದಳು ಹುಡುಗಿ. ಅದೇನೂ ಸುಳ್ಳಲ್ಲ. ಜನ ಇದ್ದೇ ಇದ್ದರು.

ಸಭಾಂಗಣದಲ್ಲಿ ಕುರ್ಚಿಗಳನ್ನು ಪರೀಕ್ಷೆಗೆ ಹಾಕಿದಂತೆ ದೂರ ದೂರ ಹಾಕಿದ್ದರು. ಮುಖ್ಯ ಅತಿಥಿಗಳು ಮಾತುಕತೆಯ ಮಹತ್ವವನ್ನು ಕುರಿತು ಒಂದೇ ಸಮನೆ ಮಾತಾಡಿದರು. ಹಿಂದಿನ ಸಾಲಿನಲ್ಲಿ ಇಬ್ಬರು ಏನೋ ಪಿಸುಗುಟ್ಟಿದಾಗ ಅಧಿಕಾರಿ ಎದ್ದು ನಿಂತು ಗದರಿದರು. ಆಮೇಲೆ ಪಕ್ಕದವರ ಕೈಕುಲುಕಲು ಅಪ್ಪಣೆಯಾಯಿತು. ಹುಡುಗಿ ಎಡಕ್ಕೆ ತಿರುಗಿದಳು, ಎಡಗಡೆಯವನು ನಿದ್ದೆ ಹೋಗಿದ್ದ.

ಅವಳಿಗೆ ನಿಜವಾಗಿ ಜನ ಸಿಕ್ಕಿದ್ದು ಬೇರೆ ಕಡೆ. ಎರಡು ಹಾಸ್ಟೆಲ್‌ಗಳ ನಡುವೆ ಬಟ್ಟೆ ಒಗೆಯುವ ಒಂದು ಕೋಣೆಯಿತ್ತು. ವಾಷಿಂಗ್ ಮಷೀನುಗಳು ಮೂರಿದ್ದರೂ ಓಡುತ್ತಿದ್ದದ್ದು ಒಂದೇ. ಅದೂ ನೀರು ಹಿಂಡುವ ಹೊತ್ತಿಗೆ ರೊಚ್ಚಿಗೆದ್ದು ಬಾಗಿಲಿನ ಕಡೆ ನಡೆದುಬರುತ್ತಿತ್ತು. ಯಾರಾದರೂ ಮೇಲೆ ಕೂರಬೇಕು. ಸಾಮಾನ್ಯವಾಗಿ ಕೂರುತ್ತಿದ್ದವನು ಇತಿಹಾಸ ವಿಭಾಗದ ಸಂಶೋಧಕ. ಅವನ ಪಿಎಚ್‌ಡಿ ಇಂದು ಮುಗಿಯುತ್ತದೆ ನಾಳೆ ಮುಗಿಯುತ್ತದೆ ಎನ್ನುವಷ್ಟರಲ್ಲಿ ಅವನ ಕೂದಲು ಹಣ್ಣಾಗಿತ್ತು. ಎಲ್ಲರೂ ಅವನನ್ನು ತಾತ ಎನ್ನುತ್ತಿದ್ದರು. ಮಿಕ್ಕವರು ಸರದಿ ಕಾಯುತ್ತ ಬೋರಲು ಹಾಕಿದ ಬಕೆಟ್ಟುಗಳ ಮೇಲೆ ಕೂತು ಹರಟುತ್ತಿದ್ದರು.

ಹುಡುಗಿ ಮೊದಲ ದಿನ ಬಕೆಟ್ಟಿನ ಅಂಚಿನಲ್ಲಿ ಕೂತಿದ್ದನ್ನು ಕಂಡು ಮಷೀನಿನ ಮೇಲೆ ಗಡಗಡ ನಡುಗುತ್ತಿದ್ದ ತಾತ, "ಏ ಗುಬ್ಬಿ, ಸ..ಸರಿಯಾಗಿ ಕೂ..ಕೂತ್ಕೊಳ್ಳಮ್ಮ, ಹಾ..ಹಾರಿಹೋಗ್ತೀಯ" ಎಂದ.

ಅವಳಿಗೆ ನಗು ತಡೆಯಲಾಗಲಿಲ್ಲ. "ನೀವು ಮೊದಲು ಇಳೀರಿ, ಹಲ್ಲು ಉದುರಿಹೋಗುತ್ತೆ" ಎಂದುಬಿಟ್ಟಳು. ಊರು ಬಿಟ್ಟು ಬಂದ ಮೇಲೆ ಅವಳಾಡಿದ ಮೊದಲ ಉದ್ದನೆಯ ವಾಕ್ಯ ಅದು. ಅಂದಿನಿಂದ ಅವಳು ಗುಬ್ಬಿಯಾದಳು. ಅಲ್ಲಿ ಯಾರ ಕಾಲುಚೀಲ ಯಾರಿಗೋ ಹೋಗಿ ಜಗಳವಾಗುತ್ತಿತ್ತು, ಆ ಜಗಳವೇ ಬೆಳೆದು ಇಬ್ಬರು ಪ್ರೀತಿಯಲ್ಲೂ ಬಿದ್ದರು. ಕಾನೂನು ಓದುವವಳೊಬ್ಬಳು ಸರದಿ ತಪ್ಪಿಸಿದವರ ಮೇಲೆ ಮೊಕದ್ದಮೆ ಹೂಡಿ, ವಾದಿಸಿ, ಅವರಿಂದಲೇ ಚಹಾ ತರಿಸುತ್ತಿದ್ದಳು. ಗುಬ್ಬಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆಯಲು ತರತೊಡಗಿದಳು.

ಸತತವಾಗಿ ಶುಕ್ರವಾರ ತಪ್ಪಿಸಿದ್ದಕ್ಕೆ ಅಧಿಕಾರಿಯಿಂದ ಕರೆ ಬಂತು.

"ಯಾಕಮ್ಮ, ಎಲ್ಲರ ಜೊತೆ ಬೆರೆಯೋಕೆ ಏನು ಕಷ್ಟ ನಿಂಗೆ?"

"ಬೆರೀತೀನಿ ಸರ್. ಬಟ್ಟೆ ಒಗೆಯೋ ಕೋಣೇಲಿ."

"ಒಗೆಯೋ ಕೋಣೇಲಿ ಏನಿದೆ?"

ಆ ಹುಡುಗಿಗೆ ಖುಷಿ ಉಕ್ಕುತ್ತಿತ್ತು. ಬಕೆಟ್ಟು, ತಾತ, ಮೊಕದ್ದಮೆ, ಕಾಲುಚೀಲದ ಪ್ರೇಮ ಎಲ್ಲವನ್ನೂ ಹೇಳಿದಳು. ಕೇಳುತ್ತ ಕೇಳುತ್ತ ಅಧಿಕಾರಿಯ ಮುಖ ಅರಳಿತು, ಅಗೆದಲ್ಲಿ ಚಿನ್ನ ಕಂಡವರಂತೆ. "ಇದನ್ನ ಅಭಿವೃದ್ಧಿ ಮಾಡ್ಬೇಕು" ಎಂದರು.

ಅಭಿವೃದ್ಧಿ ಬೇಗ ಬಂತು. ಹಳೆಯ ಮಷೀನುಗಳನ್ನು ಲಾರಿಗೆ ಎತ್ತಿದರು. ಹೊಸದಾಗಿ ಹತ್ತು ಬಂದವು. ಅಲುಗಾಡದೆ, ಸದ್ದಿಲ್ಲದೆ ಒಗೆಯುವಂಥವು. ಮೊಬೈಲಿನಲ್ಲಿ ಹೊತ್ತು ಗೊತ್ತು ಮಾಡಿಕೊಂಡರೆ ಕಾಯುವ ಗೋಜೇ ಇಲ್ಲ. ನೋಡಲು ಅಸಹ್ಯ ಎಂದು ಬಕೆಟ್ಟುಗಳನ್ನು ಹೊರಹಾಕಿ ಸೋಫಾ ಹಾಕಿದರು. ಮೂಲೆಗೊಂದು ಕ್ಯಾಮೆರಾ. ಬಾಗಿಲ ಮೇಲೆ 'ಸ್ನೇಹ ಸಂಗಮ' ಎಂಬ ಫಲಕ, ಕೆಳಗೆ 'ಒದ್ದೆ ಬಟ್ಟೆಯೊಂದಿಗೆ ಕೂರಬಾರದು' ಎಂಬ ಇನ್ನೊಂದು. ಕುಲಪತಿಗಳು ರಿಬ್ಬನ್ ಕತ್ತರಿಸಿ, ಸ್ವಂತ ಕರವಸ್ತ್ರವನ್ನು ಮಷೀನಿಗೆ ಹಾಕಿ ಚಪ್ಪಾಳೆ ಗಿಟ್ಟಿಸಿದರು. ಗುಬ್ಬಿಯ ಎದೆಗೆ 'ಸಂಚಾಲಕಿ' ಎಂಬ ಬಿಲ್ಲೆ ಚುಚ್ಚಿದರು.

ಮಾರನೆಯ ದಿನದಿಂದ ಜನ ಬಂದು, ಬಟ್ಟೆ ಹಾಕಿ, ಹೊರಟುಹೋಗತೊಡಗಿದರು. ಕಾಯಬೇಕಾಗಿಲ್ಲದ ಮೇಲೆ ಯಾರು ಯಾಕೆ ಕೂರುತ್ತಾರೆ? ಸೋಫಾದ ಮೇಲೆ ಸಂಚಾಲಕಿ ಒಬ್ಬಳೇ ಕೂತಿರುತ್ತಿದ್ದಳು.

ಕಾನೂನಿನ ಹುಡುಗಿ ಬಿಲ್ಲೆಯನ್ನು ದಿಟ್ಟಿಸಿ, "ನೀನೇನಾ ಹೇಳಿದ್ದು?" ಎಂದಳು.

"ಅವರು ಕೇಳಿದ್ರು."

"ಕೇಳಿದ್ದಕ್ಕೆಲ್ಲ ಉತ್ತರ ಕೊಡೋಕೆ ಇದೇನು ಪರೀಕ್ಷೆನಾ?" ಎಂದು ಅವಳು ಮಡಿಸಿದ ಬಟ್ಟೆ ಎತ್ತಿಕೊಂಡು ಹೋದಳು.

ಅಷ್ಟರಲ್ಲಿ ವಿಶ್ವವಿದ್ಯಾಲಯದ ಹೊಸ ಪರಿಚಯಪುಸ್ತಕಕ್ಕೆ ಫೋಟೋ ಬೇಕಾಯಿತು. "ಹತ್ತು ಜನನ ಕರ್ಕೊಂಡ್ ಬಾಮ್ಮ, ನಗೋರು. ಒಗೆದ ಬಟ್ಟೆನೇ ತನ್ನಿ, ಕೊಳೆ ಬಟ್ಟೆ ಫೋಟೋದಲ್ಲಿ ಚೆನ್ನಾಗಿರಲ್ಲ" ಎಂದರು ಅಧಿಕಾರಿ. ಗುಬ್ಬಿ ಕೋಣೆ ಕೋಣೆ ಅಲೆದಳು. ಒಬ್ಬರಿಗೆ ತಲೆನೋವು, ಇನ್ನೊಬ್ಬರಿಗೆ ಸೆಮಿನಾರು. ಕೊನೆಗೆ ಕಚೇರಿಯ ಗುಮಾಸ್ತರನ್ನೇ ಬಣ್ಣದ ಟೀ ಶರ್ಟು ತೊಡಿಸಿ ನಿಲ್ಲಿಸಿದರು. ನಿವೃತ್ತಿಯ ಅಂಚಿನಲ್ಲಿದ್ದ ಲೆಕ್ಕಪತ್ರ ವಿಭಾಗದವರು ಯುವಜನಾಂಗದಂತೆ ತಲೆ ಹಿಂದಕ್ಕೆಸೆದು ನಕ್ಕರು. ಫೋಟೋ ಚೆನ್ನಾಗಿಯೇ ಬಂತು. ಮುಂದಿನ ಸಮೀಕ್ಷೆಯಲ್ಲಿ ವಿಶ್ವವಿದ್ಯಾಲಯ ಬಹಳ ಮೇಲೇರಿತು. ಆ ಪ್ರಶ್ನೆಗಳಿಗೆ ಉತ್ತರ ತುಂಬಿದವರೂ ಅದೇ ಗುಮಾಸ್ತರು.

ಗುಬ್ಬಿ ಫೋಟೋ ತೆಗೆದ ದಿನವೇ ಬಿಲ್ಲೆಯನ್ನು ಅಧಿಕಾರಿಯ ಮೇಜಿನ ಮೇಲಿಟ್ಟು ಬಂದಳು. ಆಮೇಲೆ ಹೆದರುತ್ತಲೇ ಇತಿಹಾಸ ವಿಭಾಗಕ್ಕೆ ಹೋದಳು. ತಾತ ಪುಸ್ತಕಗಳ ರಾಶಿಯ ಹಿಂದೆ ಕೂತು ಪೆನ್ಸಿಲ್ ಕೆತ್ತುತ್ತಿದ್ದ.

"ನನ್ನಿಂದ ಎಲ್ಲಾ ಹಾಳಾಯ್ತು, ತಾತ."

"ಹೌದು" ಎಂದ ಅವನು. ಅವಳು ಅಳುವಂತಾದಾಗ ಪೆನ್ಸಿಲ್ ಕೆಳಗಿಟ್ಟ. "ಸಂತೋಷ ಆಗಿತ್ತು, ಹೇಳ್ಬಿಟ್ಟೆ. ನಿನ್ನ ವಯಸ್ಸಲ್ಲಿ ನಾನೂ ಹೇಳ್ತಿದ್ದೆ. ಇನ್ಮೇಲೆ ಸಂತೋಷ ಆದ್ರೆ ಮುಖ ಗಂಟು ಹಾಕ್ಕೊಂಡಿರು. ನಡಿ, ಚಹಾ ಕುಡಿಯೋಣ. ಆ ಲಾಯರಮ್ಮನ ಹತ್ರ ಮೊದಲು ಕ್ಷಮೆ ಕೇಳು, ಅವಳು ಅಷ್ಟು ಸುಲಭಕ್ಕೆ ಬಿಡಲ್ಲ."

ಅವಳು ಸುಲಭಕ್ಕೆ ಬಿಡಲೂ ಇಲ್ಲ. ವಾರವಿಡೀ ಎಲ್ಲರಿಗೂ ಚಹಾ ತರುವ ಶಿಕ್ಷೆ ವಿಧಿಸಿದಳು. ಶಿಕ್ಷೆ ಜಾರಿಯಾದದ್ದು ಹಿಂದಿನ ಗೇಟಿನಾಚೆ, ಬಸ್ಸುಗಳು ಬರುವುದನ್ನು ನಿಲ್ಲಿಸಿದ್ದ ಒಂದು ಬಸ್ ತಂಗುದಾಣದಲ್ಲಿ. ಹಳಬರು ಎಲ್ಲರೂ ಬರಲಿಲ್ಲ; ಕಾಲುಚೀಲದ ಜೋಡಿಯಂತೂ ಜಗಳವಾಡಲು ನೆಪವಿಲ್ಲದೆ ದೂರವಾಗಿತ್ತು. ಬಂದವರು ಮಾತ್ರ ಗುಬ್ಬಿಯನ್ನು ನಡುವೆ ಕೂರಿಸಿಕೊಂಡರು.

ಕೆಲವು ದಿನಗಳ ನಂತರ ಅಧಿಕಾರಿ ಅವಳನ್ನು ದಾರಿಯಲ್ಲಿ ತಡೆದರು. "ಸಂಜೆ ಹೊತ್ತು ನೀವೆಲ್ಲ ಎಲ್ಲಿರ್ತೀರಮ್ಮ? ಯಾರೂ ಕಣ್ಣಿಗೇ ಬೀಳಲ್ಲ."

ಗುಬ್ಬಿ ಮುಖ ಗಂಟು ಹಾಕಿಕೊಂಡಳು. "ಲೈಬ್ರರೀಲಿ, ಸರ್."

"ಎಲ್ರೂನಾ? ತುಂಬಾ ಚಟುವಟಿಕೆನಾ ಅಲ್ಲಿ?"

"ತುಂಬಾ, ಸರ್."

ಮುಂದಿನ ಸೋಮವಾರ ಲೈಬ್ರರಿಯ ಮೇಜು ಕುರ್ಚಿಗಳನ್ನು ಲಾರಿಗೆ ತುಂಬುತ್ತಿದ್ದರು. ಅಲ್ಲಿ ನಿಜವಾಗಿಯೂ ಓದುತ್ತಿದ್ದ ನಾಲ್ಕೈದು ಜನ ಪುಸ್ತಕ ಎದೆಗವಚಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದರು. ಗುಬ್ಬಿಗೆ ಅಯ್ಯೋ ಅನ್ನಿಸಿತು. ಅವರ ಬಳಿ ಹೋಗಿ, ಹಿಂದಿನ ಗೇಟಿಗೆ ಹೇಗೆ ಹೋಗುವುದು ಎಂದು ದನಿ ತಗ್ಗಿಸಿ ಹೇಳಿದಳು.